ಅನ್‌ಫಿಟ್ ಆದವನ ಕೈಗೊಂದು ಚೀಟಿಯಾದರೂ ಕೊಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಯಾರಾದರೂ "ಮೆಡಿಕಲ್ ಆಯ್ತಾ?" ಎಂದು ಕೇಳಿದರೆ ಅದು ಔಷಧಿ ಅಂಗಡಿಯ ಮಾತೂ ಅಲ್ಲ, ಡಾಕ್ಟರ್ ಓದಿನ ಮಾತೂ ಅಲ್ಲ. ಗಲ್ಫಿಗೆ ಹೊರಟವನ ದೇಹಪರೀಕ್ಷೆ ಮುಗಿಯಿತೇ, ಅದರಲ್ಲಿ ಅವನು ಪಾಸಾದನೇ ಎಂಬುದು ಆ ಪ್ರಶ್ನೆಯ ಅರ್ಥ. ಪಾಸಾದರೆ 'ಫಿಟ್', ಇಲ್ಲವಾದರೆ 'ಅನ್‌ಫಿಟ್'. ಈ ಎರಡು ಇಂಗ್ಲಿಷ್ ಶಬ್ದಗಳು ನಮ್ಮ ಕನ್ನಡ, ತುಳು, ಮಲಯಾಳ ಮೂರರಲ್ಲೂ ಸೇರಿಹೋಗಿ ಎಷ್ಟೋ ಕಾಲವಾಯಿತು. ಫಿಟ್ ಆದವನ ಮನೆಯಲ್ಲಿ ಪಾಯಸ. ಅನ್‌ಫಿಟ್ ಆದವನ ಮನೆಯಲ್ಲಿ ಏನು ನಡೆಯುತ್ತದೆ ಎಂದು ಬರೆದವರು ಕಡಿಮೆ. ಹೋದ ವರ್ಷ ಅದು ನನ್ನ ತಂಗಿಯ ಮನೆಯಲ್ಲೇ ನಡೆದದ್ದರಿಂದ ಇವತ್ತು ಬರೆಯುತ್ತಿದ್ದೇನೆ.

ಆಟಿ ತಿಂಗಳು. ತೋಟಕ್ಕೆ ಮದ್ದು ಬಿಡುವವರು ಸಿಗದೆ ಕೊಳೆರೋಗದ ಚಿಂತೆಯಲ್ಲಿದ್ದ ದಿನ. ಕಲ್ಲಿಕೋಟೆಗೆ ಹೋಗಿದ್ದ ಅಳಿಯನ ಫೋನು ಬಂತು. "ಮಾವಾ, ಅನ್‌ಫಿಟ್ ಅಂತ ಬಂತು" ಎಂದ. ಏನಾಗಿದೆಯಂತೆ ಎಂದು ಕೇಳಿದೆ. "ಹೇಳ್ಲಿಲ್ಲ. ಕಂಪ್ಯೂಟರಿನಲ್ಲಿ ಅಷ್ಟೇ ಉಂಟು" ಎಂದ. ಹುಡುಗ ಇಲೆಕ್ಟ್ರಿಷಿಯನ್, ಇಪ್ಪತ್ತೆಂಟು ವರ್ಷ, ಕೈಕಾಲು ಗಟ್ಟಿ, ಬೀಡಿ ಸಿಗರೇಟಿನ ಚಟ ಇಲ್ಲ. ಗಲ್ಫಿನ ಒಂದು ಕಂಪೆನಿಯ ವೀಸಾ ಕೈಗೆ ಬಂದಿತ್ತು. ಏಜೆಂಟನಿಗೆ ಕೊಡಲಿಕ್ಕೆಂದು ತಂಗಿ ತನ್ನ ಒಡವೆಯನ್ನು ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟಿದ್ದಳು. ಮೆಡಿಕಲ್ ಕೇಂದ್ರದವರು ಶುಲ್ಕ ತೆಗೆದುಕೊಂಡರು, ರಕ್ತ ತೆಗೆದುಕೊಂಡರು, ಎಕ್ಸ್‌ರೇ ತೆಗೆದರು. ಕಾರಣ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಮೂರು ವಾರ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಎಚ್‌ಐವಿ ಇರಬಹುದೇ ಎಂಬ ಭಯ ಮೊದಲಿಗೆ ಹುಡುಗನಿಗೇ ಬಂತು, ಆಮೇಲೆ ತಾಯಿಗೆ ಬಂತು, ಆಮೇಲೆ ಊರಿಗೆ ಬಂತು. ಬಂದ ಒಂದು ಹುಡುಗಿಯ ಪ್ರಸ್ತಾಪ ಸದ್ದಿಲ್ಲದೆ ಹಿಂದೆ ಹೋಯಿತು. ಕಡೆಗೆ ನಾನೇ ಅವನನ್ನು ಕರೆದುಕೊಂಡು ಸರಕಾರಿ ಕ್ಷಯ ವಿಭಾಗದ ಡಾಕ್ಟರ ಬಳಿ ಹೋದೆ. ಅವರು ಹೊಸದಾಗಿ ಎಕ್ಸ್‌ರೇ ತೆಗೆಸಿ, ಕಫ ಪರೀಕ್ಷೆ ಮಾಡಿಸಿ, ಫಿಲ್ಮನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಗೆರೆ. "ನಿನಗೆ ಹಿಂದೆ ಕ್ಷಯ ಇತ್ತೇನಪ್ಪಾ?" ಎಂದರು. ಇತ್ತು. 2014ರಲ್ಲಿ ಮಂಗಳೂರಿನಲ್ಲಿ ಐಟಿಐ ಓದುವಾಗ ಕೆಮ್ಮು ಬಂದು, ಆರು ತಿಂಗಳು ಮಾತ್ರೆ ನುಂಗಿ ಪೂರ್ತಿ ಗುಣವಾಗಿತ್ತು. "ಈಗ ರೋಗ ಇಲ್ಲ. ಇದು ಕಲೆ. ಗಾಯ ಮಾಗಿದ ಮೇಲೆ ಹೊಲಿಗೆ ಗುರುತು ಉಳಿಯುವುದಿಲ್ವಾ, ಹಾಗೆ" ಎಂದರು ಡಾಕ್ಟರು.

ಆ ಗೆರೆಯೇ ಅವನನ್ನು ಅನ್‌ಫಿಟ್ ಮಾಡಿದ್ದು. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಬಹರೈನ್, ಒಮಾನ್ ಈ ಆರು ದೇಶಗಳು ಸೇರಿದ ಗಲ್ಫ್ ಸಹಕಾರ ಮಂಡಳಿಯ ನಿಯಮದಲ್ಲಿ ಈಗಿರುವ ಕ್ಷಯ ಮಾತ್ರವಲ್ಲ, ಹಿಂದೆ ಬಂದು ಹೋದ ಕ್ಷಯದ ಗುರುತು ಎಕ್ಸ್‌ರೇಯಲ್ಲಿ ಕಂಡರೂ ಅನರ್ಹತೆಗೆ ಸಾಕು. ಗುಣವಾಗಿದೆ ಎಂಬ ಡಾಕ್ಟರ ಪತ್ರ ಅಲ್ಲಿ ನಡೆಯುವುದಿಲ್ಲ. ನಮ್ಮವರು ಬಹುಕಾಲ 'ಗಾಮ್ಕಾ' ಎಂದು ಕರೆಯುತ್ತಿದ್ದ, ಈಗ 'ವಾಫಿದ್' ಎಂಬ ಹೆಸರಿನಲ್ಲಿ ಕಂಪ್ಯೂಟರ್ ಮೂಲಕ ನಡೆಯುತ್ತಿರುವ ವ್ಯವಸ್ಥೆ ಇದೇ. (ಅರಬಿಯಲ್ಲಿ ವಾಫಿದ್ ಅಂದರೆ ಹೊರಗಿನಿಂದ ಬಂದವನು ಎಂದರ್ಥ. ಬರುವ ಮೊದಲೇ ಹೆಸರಿಟ್ಟಿದ್ದಾರೆ!) ಕಂಪ್ಯೂಟರಿನಲ್ಲಿ ಹೆಸರು ನೋಂದಾಯಿಸಬೇಕು, ಅದು ತೋರಿಸಿದ ಕೇಂದ್ರಕ್ಕೆ ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಆನೆಕಾಲು ರೋಗದ ಹುಳು, ಕುಷ್ಠ, ಎದೆಯ ಎಕ್ಸ್‌ರೇ, ಸಕ್ಕರೆ, ರಕ್ತದೊತ್ತಡ, ಕಣ್ಣು, ಕಿವಿ ಎಲ್ಲವೂ ನೋಡಲಾಗುತ್ತದೆ. ಹೆಂಗಸರಿಗೆ ಗರ್ಭ ಪರೀಕ್ಷೆಯೂ ಉಂಟು. ಪೋಲಿಯೊ, ಎಂಎಂಆರ್, ಮೆನಿಂಜೈಟಿಸ್ ಲಸಿಕೆಗಳ ಕಲಂ ಅದೇ ಫಾರಂನಲ್ಲಿದೆ. ಫಲಿತಾಂಶ ಪಾಸ್‌ಪೋರ್ಟ್ ನಂಬರಿನ ಮೇಲೆ ಏರಿಬಿಡುತ್ತದೆ.

ಅಡಿಕೆ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಲಿದ ಅಡಿಕೆಯನ್ನು ಹರಡಿ, ಪಟೋರ ಬೇರೆ, ಕರಿಗೋಟು ಬೇರೆ ಎಂದು ಆರಿಸುವ ಕೆಲಸವನ್ನು ನಮ್ಮ ಹೆಂಗಸರು ಕಣ್ಣುಮುಚ್ಚಿ ಮಾಡುತ್ತಾರೆ. ಆದರೆ ನೋಡಿ, ಕರಿಗೋಟಿಗೂ ಪೇಟೆಯಲ್ಲಿ ಒಂದು ಕ್ರಯ ಇರುತ್ತದೆ. ಚೀಟಿ ಬರೆದು, ತೂಕ ಹಾಕಿ, ಇಷ್ಟಕ್ಕೆ ಇಷ್ಟು ಅಂತ ಲೆಕ್ಕ ಕೊಡುತ್ತಾರೆ. ಮನುಷ್ಯನನ್ನು ಆರಿಸಿ ಬದಿಗಿಟ್ಟಾಗ ಒಂದು ಚೀಟಿಯೂ ಇಲ್ಲ.

ಆರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತನ್ನ ಮನೆಗೆ ಯಾರು ಬರಬೇಕು ಎಂದು ಕೇಳುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ, ನಮಗೂ ಇದೆ. ಹಳದಿ ಜ್ವರ ಇರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಲಸಿಕೆಯ ಕಾರ್ಡಿಲ್ಲದೆ ಬಂದವರನ್ನು ಭಾರತವೂ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ. ಜತ್ತ, ಅಕ್ಕಲಕೋಟೆ, ಆದೋನಿಯ ಕಡೆಯ ಓದುಗರಿಗೆ ಗಲ್ಫ್ ದೂರದ ಮಾತಾಯಿತೆನ್ನಿ. ಆದರೆ 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ಜಾನುವಾರು ಸಂತೆಗಳು ನಿಂತುಹೋದದ್ದು, ಎತ್ತು ಸಾಗಿಸಲಾರದೆ ವ್ಯಾಪಾರ ಕೆಟ್ಟದ್ದು ಅವರಿಗೆ ನೆನಪಿರಬಹುದು. ರೋಗದ ಭಯ ಬಂದಾಗ ಗಡಿ ಮೊದಲು ಮುಚ್ಚುತ್ತದೆ. ದನಕ್ಕಾದರೂ ಮನುಷ್ಯನಿಗಾದರೂ ಅಷ್ಟೇ.

ಮನುಷ್ಯನಿಗೆ ಮುಚ್ಚಿದ್ದನ್ನು ನಾವು ತಲಪಾಡಿಯಲ್ಲೇ ಕಂಡೆವಲ್ಲ! 2020ರ ಮಾರ್ಚಿನಲ್ಲಿ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ಕಾಯಿಲೆ ಎಂದರೆ ಮಂಗಳೂರು, ಅದು ಇವತ್ತಿನ ರೂಢಿಯಲ್ಲ. ದಾರಿ ಮುಚ್ಚಿದ್ದರಿಂದ ಸಮಯಕ್ಕೆ ಆಸ್ಪತ್ರೆಗೆ ಸೇರಲಾಗದೆ ಜೀವ ಹೋಯಿತು, ಮಾತು ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಮರುವರ್ಷ ಆಗಸ್ಟಿನಲ್ಲಿ ಎರಡು ಡೋಸು ಲಸಿಕೆ ಹಾಕಿಸಿಕೊಂಡವರೂ ಆರ್‌ಟಿಪಿಸಿಆರ್ ಕಾಗದ ತೋರಿಸಬೇಕೆಂದರು. ದಿನಾ ಕಾಲೇಜಿಗೆ, ಅಂಗಡಿಗೆ ದಾಟುವವನು ಆ ಕಾಗದ ಎಷ್ಟು ಸಲ ತಂದಾನು? ದೇಹಪರೀಕ್ಷೆಯ ಗೇಟು ಹೇಗಿರುತ್ತದೆ ಎಂದು ತಿಳಿಯಲು ನಾವು ವಿಮಾನ ಹತ್ತಬೇಕಾಗಿರಲಿಲ್ಲ. ಇದನ್ನು ಕರ್ನಾಟಕದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ, ಬರೆಯಬೇಕಾದ ಜಾಗವೂ ಇದೇ.

ಇದು ಹಳೇ ಕಾಲದಿಂದ ಬಂದದ್ದೂ ಹೌದು. ಮುಂಬಯಿಯಿಂದ ಹಡಗಿನಲ್ಲಿ ಹಜ್‌ಗೆ ಹೊರಟವರನ್ನು ಕೆಂಪು ಸಮುದ್ರದ ಕಮರಾನ್ ಎಂಬ ದ್ವೀಪದಲ್ಲಿ ಇಳಿಸಿ, ರೋಗ ಇಲ್ಲವೆಂದು ನೋಡಿ, ಆಮೇಲೆ ಜಿದ್ದಾಕ್ಕೆ ಬಿಡುತ್ತಿದ್ದರು. ಅಮೆರಿಕದ ನ್ಯೂಯಾರ್ಕಿನ ಬಳಿ ಎಲ್ಲಿಸ್ ದ್ವೀಪದಲ್ಲಿ 1892ರಿಂದ ವಲಸೆಗಾರರನ್ನು ಸಾಲಾಗಿ ಮೆಟ್ಟಿಲು ಹತ್ತಿಸುತ್ತ, ಏದುಸಿರು ಬಿಡುವವನ ಅಂಗಿಯ ಮೇಲೆ ಸೀಮೆಸುಣ್ಣದಲ್ಲಿ ಹೃದಯದ ಗುರುತು, ಕುಂಟುವವನಿಗೆ ಕಾಲಿನ ಗುರುತು, ಕಣ್ಣು ಕೆಂಪಾದವನಿಗೆ ಕಣ್ಣಿನ ಗುರುತು ಹಾಕುತ್ತಿದ್ದರು. ಅದೇ ದೇಶದ ಪಶ್ಚಿಮ ಕರಾವಳಿಯಲ್ಲಿ, ಸಾನ್‌ಫ್ರಾನ್ಸಿಸ್ಕೊ ಪಕ್ಕದ ಏಂಜೆಲ್ ದ್ವೀಪದಲ್ಲಿ 1910ರ ನಂತರ ನಮ್ಮ ದೇಶದಿಂದ ಹೋದವರನ್ನು ಕೊಕ್ಕೆಹುಳು ಇದೆ ಎಂದು ವಾಪಸು ಕಳಿಸಿದ್ದುಂಟು. ಕೊಕ್ಕೆಹುಳು! ಬರಿಗಾಲಲ್ಲಿ ಗದ್ದೆಗಿಳಿಯುವ ರೈತನ ಹೊಟ್ಟೆಯಲ್ಲಿ ಅದು ಇರದಿದ್ದರೇ ಆಶ್ಚರ್ಯ. ಮದ್ದು ಕೊಟ್ಟರೆ ಹೋಗುವ ಹುಳು ಅದು. ಬೇಡವಾದವರನ್ನು ಬೇಡ ಎನ್ನಲು ರೋಗದ ಹೆಸರು ಒಳ್ಳೆ ನೆಪ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಚ್‌ಐವಿ ಇದ್ದವರಿಗೆ ಆ ದೇಶ 1987ರಲ್ಲಿ ಬಾಗಿಲು ಹಾಕಿದ್ದು ತೆರೆದದ್ದು 2010ರ ಜನವರಿಯಲ್ಲಿ.

ಆದರೂ ಇವತ್ತಿನ ಅಮೆರಿಕದ ನಿಯಮವನ್ನು ಗಲ್ಫಿನ ನಿಯಮದ ಪಕ್ಕ ಇಟ್ಟು ನೋಡಿದರೆ ನನ್ನ ಅಳಿಯನ ಸಂಕಟ ಎಲ್ಲಿದೆ ಎಂದು ತಿಳಿಯುತ್ತದೆ. ಅಮೆರಿಕಕ್ಕೆ ಖಾಯಂ ನೆಲೆಸಲು ಹೋಗುವವರಿಗೆ ಅವರ ಸರಕಾರ ಗೊತ್ತುಮಾಡಿದ ಡಾಕ್ಟರೇ ಪರೀಕ್ಷೆ ಮಾಡಬೇಕು, ಮನೆ ಡಾಕ್ಟರ ಸರ್ಟಿಫಿಕೇಟು ನಡೆಯುವುದಿಲ್ಲ. (ಮಗಳ ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಹೋಗಿಬರುವ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಇಲ್ಲ. ಹೆದರಿಸುವ ಏಜೆಂಟರ ಮಾತು ಕೇಳಬೇಡಿ.) ನಮ್ಮಂಥ ದೇಶದಿಂದ ಹೋಗುವ 15 ವರ್ಷ ದಾಟಿದವರಿಗೆ ಎದೆಯ ಎಕ್ಸ್‌ರೇ, ಎರಡು ವರ್ಷ ದಾಟಿದ ಮಗುವಿಗೂ ಕ್ಷಯದ ರಕ್ತಪರೀಕ್ಷೆ. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯಿಂದ ಹಳೆಯ ಚರ್ಮದ ಪರೀಕ್ಷೆ ಎಷ್ಟೋ ಸಲ ತಪ್ಪು ಹೇಳುತ್ತಿತ್ತು, ಈ ರಕ್ತಪರೀಕ್ಷೆಗೆ ಆ ಗೊಂದಲ ಇಲ್ಲ. ಎಕ್ಸ್‌ರೇಯಲ್ಲಿ ಸಂಶಯದ ಗುರುತು ಕಂಡರೆ ಮೂರು ದಿನ ಮೂರು ಸಲ ಕಫ ತೆಗೆದು, ಎಂಟು ವಾರದವರೆಗೆ ಅದರಲ್ಲಿ ರೋಗಾಣು ಬೆಳೆಯುತ್ತದೆಯೋ ಎಂದು ಕಾಯುತ್ತಾರೆ. ಬೆಳೆಯದಿದ್ದರೆ ಹೋಗಬಹುದು, ಅಲ್ಲಿ ಹೋದ ಮೇಲೆ ಮತ್ತೊಮ್ಮೆ ತೋರಿಸಿಕೊಳ್ಳಬೇಕು. ಬೆಳೆದರೆ ಮದ್ದು ಮುಗಿಸಿ ಹೋಗಬಹುದು. ತಡವಾಗುತ್ತದೆ, ಖರ್ಚಾಗುತ್ತದೆ, ಕೆಲಸ ಕೈತಪ್ಪಲೂಬಹುದು. ಆದರೆ ಬಾಗಿಲು ಮುಚ್ಚಿಹೋಗುವುದಿಲ್ಲ. ಅಳಿಯನ ಎದೆಯ ಅದೇ ಬಿಳಿ ಗೆರೆ ಒಂದು ದೇಶಕ್ಕೆ ಎರಡು ತಿಂಗಳ ಕಾಯುವಿಕೆ, ಇನ್ನೊಂದಕ್ಕೆ ಅನರ್ಹತೆ. ರೋಗ ಹರಡುತ್ತದೋ ಇಲ್ಲವೋ ಎಂಬುದೊಂದೇ ಪ್ರಶ್ನೆಯಾಗಿದ್ದರೆ ಉತ್ತರ ಎರಡು ಆಗಬಾರದಿತ್ತು.

ವಿಶ್ವದ ಕ್ಷಯರೋಗಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ಭಾರತದಲ್ಲಿದ್ದಾರೆ. ಗುಣವಾದವರ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದವನಿಗೆ ನಮ್ಮ ಸರಕಾರ 'ಗೆದ್ದೆ' ಎಂದು ಬೆನ್ನು ತಟ್ಟುತ್ತದೆ, ಪೋಸ್ಟರು ಹಚ್ಚುತ್ತದೆ. ಅದೇ ಹುಡುಗ ಗಲ್ಫಿನ ಗೇಟಿನಲ್ಲಿ ನಿಂತಾಗ ಅವನ ಪರವಾಗಿ ಮಾತಾಡುವವರಿಲ್ಲ. ಲಕ್ಷಾಂತರ ಕೆಲಸಗಾರರನ್ನು ಕಳಿಸುವ ದೇಶ ನಾವು. ತೈಲದ ದರ, ಹೂಡಿಕೆ ಎಂದು ಮಂತ್ರಿಗಳು ಅಲ್ಲಿಗೆ ಹೋಗಿ ಕೈ ಕುಲುಕುವಾಗ, ಗುಣವಾದ ಕ್ಷಯದ ಕಲೆ ಇದ್ದವನಿಗೆ ಕಫ ಪರೀಕ್ಷೆಯ ಅವಕಾಶವಾದರೂ ಕೊಡಿ ಎಂಬ ಒಂದು ಮಾತು ಪಟ್ಟಿಯಲ್ಲಿ ಇರಬಾರದೇ?

ಅದಕ್ಕೂ ಮೊದಲು, ಯಾವ ವಿದೇಶದ ಒಪ್ಪಿಗೆಯೂ ಬೇಡದ ಒಂದು ಕೆಲಸ ಇದೆ. ಮೆಡಿಕಲ್ ಕೇಂದ್ರಗಳು ಇರುವುದು ನಮ್ಮ ನೆಲದಲ್ಲಿ. ಅಲ್ಲಿ ಕೂತವರು ನಮ್ಮ ಡಾಕ್ಟರು, ಕೊಟ್ಟ ದುಡ್ಡು ನಮ್ಮದು, ತೆಗೆದ ರಕ್ತ ನಮ್ಮದು. ಅನ್‌ಫಿಟ್ ಎಂದವನ ಕೈಗೆ ಏಕೆ ಅನ್‌ಫಿಟ್ ಎಂಬ ಒಂದು ಚೀಟಿ, ಎಕ್ಸ್‌ರೇಯ ಪ್ರತಿ, ಮುಂದೆ ಯಾವ ಸರಕಾರಿ ಆಸ್ಪತ್ರೆಗೆ ಹೋಗಬೇಕೆಂಬ ಒಂದು ಸಾಲು, ಇಷ್ಟನ್ನು ಕಡ್ಡಾಯ ಮಾಡಲು ನಮ್ಮ ಸರಕಾರಗಳಿಗೆ ಅಡ್ಡಿ ಏನು? ಒಳ್ಳೆಯ ಕೇಂದ್ರಗಳು ಕೊಡುತ್ತವೆ ಎಂದು ಕೆಲವರು ಹೇಳಿದರು, ಸಂತೋಷ. ಎಲ್ಲರೂ ಕೊಡಲಿ.

ಏಕೆಂದರೆ ಅಳಿಯನದು ಕಲೆ ಮಾತ್ರ. ಎಲ್ಲರದೂ ಹಾಗಿರುವುದಿಲ್ಲ. ಹೆಪಟೈಟಿಸ್ ಬಿ ಕಂಡುಬಂದು ಅನ್‌ಫಿಟ್ ಆದವನನ್ನು ಯೋಚಿಸಿ. ಅವನಿಗೆ ಮೈಯಲ್ಲಿ ಏನೂ ಅನಿಸುವುದಿಲ್ಲ, ತೋಟದಲ್ಲಿ ಗೊಬ್ಬರ ಹೊರುತ್ತಾನೆ, ಕಬಡ್ಡಿ ಆಡುತ್ತಾನೆ. ರಕ್ತದಲ್ಲಿರುವ ವೈರಸ್ಸು ವರ್ಷಗಟ್ಟಲೆ ಮೌನವಾಗಿದ್ದು ಲಿವರನ್ನು ಕೆಡಿಸಬಹುದು, ಹೆಂಡತಿಗೆ ದಾಟಬಹುದು, ವೈರಸ್ಸು ಇರುವ ತಾಯಿಯಿಂದ ಹುಟ್ಟುವ ಮಗುವಿಗೆ ದಾಟಬಹುದು. ಮನೆಯವರಿಗೆಲ್ಲ ಒಂದು ರಕ್ತಪರೀಕ್ಷೆ, ಮೂರು ಚುಚ್ಚು ಲಸಿಕೆ ಹಾಕಿಸಿದರೆ ಅದು ಅಲ್ಲಿಗೇ ನಿಲ್ಲುತ್ತದೆ. 2018ರಿಂದ ಈ ರೋಗಕ್ಕೆ ರಾಷ್ಟ್ರೀಯ ಕಾರ್ಯಕ್ರಮವಿದ್ದು ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಮದ್ದು ಉಚಿತ. ಆದರೆ ಕಾರಣವನ್ನೇ ಹೇಳದೆ ಕಳಿಸಿದರೆ, ಇಲ್ಲವೇ ಹೇಳಿದ್ದನ್ನು ಅವನು ನಾಚಿಕೆಯಿಂದ ಮಡಚಿ ಕಿಸೆಗೆ ಹಾಕಿದರೆ, ಆ ಲಸಿಕೆ ಹಾಕಿಸುವವರು ಯಾರು? ವಿದೇಶದವರು ತಮ್ಮ ದೇಶವನ್ನು ಕಾಪಾಡಿಕೊಂಡರು. ನಮ್ಮ ಹೆಣ್ಣುಮಗಳನ್ನು, ಮಗುವನ್ನು ಕಾಪಾಡುವ ಸುಳಿವು ಅದೇ ಕಾಗದದಲ್ಲಿತ್ತು. ಅದು ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿಯಿತು.

ಇದರ ಮಧ್ಯೆ "ಮೆಡಿಕಲ್ ನಾವು ಸೆಟ್ ಮಾಡಿಸ್ತೇವೆ ಮಾರಾಯ್ರೆ" ಎನ್ನುವವರು ಹುಟ್ಟಿಕೊಂಡಿದ್ದಾರೆ. ಅವರಿಗೆ ಸಾವಿರಗಟ್ಟಲೆ ಕೊಟ್ಟು ಸುಳ್ಳು ಫಿಟ್ ತೆಗೆದುಕೊಂಡವನ ಗತಿ ಏನೆಂದರೆ, ಅಲ್ಲಿ ಇಳಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಇರುತ್ತದೆ. ಅದರಲ್ಲಿ ಸಿಕ್ಕಿಬಿದ್ದರೆ ವಾಪಸು ವಿಮಾನ. ಕೊಟ್ಟದ್ದೂ ಹೋಯಿತು, ಅಡವೂ ಹೋಯಿತು.

ನನ್ನ ಅನುಭವದಿಂದ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಗಲ್ಫಿಗೆ ಹೊರಡುವ ಮನಸ್ಸಿದ್ದರೆ ಏಜೆಂಟನಿಗೆ ಮುಂಗಡ ಕೊಡುವ ಮೊದಲು, ಒಡವೆ ಅಡವಿಡುವ ಮೊದಲು, ಊರ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ, ಸಿ ಪರೀಕ್ಷೆ, ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿ. ಒಂದು ಜೊತೆ ಎತ್ತು ಕೊಳ್ಳುವಾಗ ಹಲ್ಲು ನೋಡದೆ ಸಂಚಕಾರ ಕೊಡುವ ರೈತ ಇದ್ದಾನೆಯೇ? ಹೀಗೆ ಮೊದಲೇ ನೋಡಿಸಿದ್ದರೆ ನನ್ನ ತಂಗಿಯ ಬಳೆ ಬ್ಯಾಂಕಿಗೆ ಹೋಗುತ್ತಿರಲಿಲ್ಲ. ಓದಿದ ನನಗೇ ಇದು ಹೊಳೆಯಲಿಲ್ಲ, ಹುಡುಗನನ್ನು ಅನ್ನುವುದು ಹೇಗೆ?

ಇನ್ನು ಲಸಿಕೆಯ ಮಾತು. ಇಲ್ಲಿ ಪೆಟ್ಟು ಬೀಳುವುದು ಗಡಿನಾಡಿನವರಿಗೇ ಹೆಚ್ಚು. ಅಮೆರಿಕದಲ್ಲಿ ನೆಲೆಸಲು ಹೋಗುವವರು ಲಸಿಕೆಗಳ ದಾಖಲೆ ಕೊಡಲೇಬೇಕೆಂದು 1996ರ ಕಾಯ್ದೆ ಮಾಡಿತು. ದಡಾರ, ಮಂಗನಬಾವು, ರುಬೆಲ್ಲಾ, ಪೋಲಿಯೊ, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ, ಸೀತಾಳೆ ಸಿಡುಬು ಹೀಗೆ ವಯಸ್ಸಿಗೆ ತಕ್ಕ ಪಟ್ಟಿ. ಕೋವಿಡ್ ಲಸಿಕೆಯನ್ನು 2021ರ ಅಕ್ಟೋಬರಿನಲ್ಲಿ ಸೇರಿಸಿದ್ದರು, 2025ರ ಜನವರಿಯಲ್ಲಿ ಕೈಬಿಟ್ಟರು. ದಾಖಲೆ ಇಲ್ಲದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಕೆಲವು ರೋಗಗಳಿಗೆ ರಕ್ತದಲ್ಲಿ ಪ್ರತಿರೋಧ ಇದೆಯೇ ಎಂದು ಪರೀಕ್ಷಿಸಿ ಒಪ್ಪುತ್ತಾರೆ. ಸೀತಾಳೆ ಸಿಡುಬು ಬಂದುಹೋದದ್ದನ್ನು ಡಾಕ್ಟರಿಗೆ ಹೇಳಿದರೆ ಲೆಕ್ಕಕ್ಕೆ ಬರುತ್ತದೆ. ಉಳಿದದ್ದಕ್ಕೆ ಆ ದಿನವೇ ಒಂದು ಡೋಸು ಚುಚ್ಚಿಸಿದರೆ ಸಾಕು, ಬಾಕಿ ಡೋಸು ಅಲ್ಲಿ ಹೋದ ಮೇಲೆ. ಆದರೆ ಕಾರ್ಡು ಇದ್ದರೆ ಹಾಕಿಸಿಕೊಂಡದ್ದನ್ನೇ ಮತ್ತೆ ಹಾಕಿಸಿಕೊಳ್ಳುವ ದಂಡ ತಪ್ಪುತ್ತದೆ.

ಆ ಕಾರ್ಡು ಎಲ್ಲಿದೆ? ನಮ್ಮ ಮಕ್ಕಳು ಹುಟ್ಟುವುದು ಮಂಗಳೂರಿನ ಆಸ್ಪತ್ರೆಯಲ್ಲಿ. ಬಿಸಿಜಿ, ಮೊದಲ ಪೋಲಿಯೊ ಹನಿ ಅಲ್ಲಿ, ಕನ್ನಡದ ಕಾರ್ಡಿನಲ್ಲಿ. ಒಂದೂವರೆ ತಿಂಗಳಿನಿಂದ ಮುಂದಿನದು ಈಚೆ ಬಂದ ಮೇಲೆ ಕೇರಳದ ಆರೋಗ್ಯ ಕೇಂದ್ರದಲ್ಲಿ, ಮಲಯಾಳದ ಕಾರ್ಡಿನಲ್ಲಿ. ಮೊದಲ ಕಾರ್ಡಿನಲ್ಲಿ ಮಗುವಿಗೆ ಹೆಸರೇ ಇಲ್ಲ, 'ಬೇಬಿ ಆಫ್' ಎಂದು ತಾಯಿಯ ಹೆಸರು. ಎರಡನೆಯದರಲ್ಲಿ ಕರೆಯುವ ಹೆಸರು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಬಿಡಿಸಿ ಬರೆದ ಉದ್ದ ಹೆಸರು, ಶಾಲೆಯಲ್ಲಿ ಇನಿಷಿಯಲ್ಲು. ಒಂದೇ ಮನುಷ್ಯ ನಾಲ್ಕು ಕಾಗದದಲ್ಲಿ ನಾಲ್ಕು ಜನ! ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಹನಿ ಹಾಕಿಸಿ ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡದ್ದಕ್ಕೆ ಕಾಗದವೇ ಇಲ್ಲ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ಒಂದೂ ಕಂಡಿಲ್ಲ ಎಂಬ ಹೆಮ್ಮೆಗೆ ಆ ಭಾನುವಾರಗಳೇ ಕಾರಣ, ಆದರೆ ವೀಸಾ ಡಾಕ್ಟರ ಮುಂದೆ ಶಾಯಿಯ ನೆನಪು ಸಾಕ್ಷಿಯಾಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಗೊತ್ತಿಲ್ಲದೆ ಕಾಲಿಗೆ ತೊಡರುವಂಥದು. ನಮ್ಮ ಸರಕಾರಿ ಪಟ್ಟಿಯಲ್ಲಿ 2017ರಿಂದ ಇರುವುದು 'ಎಂಆರ್', ಅಂದರೆ ದಡಾರ ಮತ್ತು ರುಬೆಲ್ಲಾ. ಆ ವರ್ಷ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ, ಅಕ್ಟೋಬರಿನಲ್ಲಿ ಕೇರಳದಲ್ಲಿ ಶಾಲೆ ಶಾಲೆಗೆ ಹೋಗಿ ಹಾಕಿದರು. ವಿದೇಶದವರು ಕೇಳುವುದು 'ಎಂಎಂಆರ್', ಅದರಲ್ಲಿ ಮಂಗನಬಾವಿನದೂ ಸೇರಿದೆ. ಒಂದು ಅಕ್ಷರದ ಫರಕು, ಒಂದು ಚುಚ್ಚಿನ ಫರಕು. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ರಾಜ್ಯಗಳ ಸರಕಾರಿ ಪಟ್ಟಿಗೆ ಬಂದದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದವರಲ್ಲಿ ಖಾಸಗಿಯಾಗಿ ಹಾಕಿಸದ ಎಷ್ಟೋ ಜನರಿಗೆ ಅದು ಇಲ್ಲ.

ಕಾಗದದ ಒಂದು ಶಬ್ದಕ್ಕಾಗಿ ಜನ ಎಷ್ಟು ಅಲೆದರೆಂಬುದು 2021ರಲ್ಲಿ ಕಂಡದ್ದೇ. ರಜೆಗೆ ಬಂದು ಸಿಕ್ಕಿಬಿದ್ದ ಗಲ್ಫಿನವರ ಸರ್ಟಿಫಿಕೇಟಿನಲ್ಲಿ 'ಕೋವಿಶೀಲ್ಡ್' ಎಂದಿತ್ತು, ಸೌದಿಯ ಪಟ್ಟಿಯಲ್ಲಿ 'ಆಕ್ಸ್‌ಫರ್ಡ್ ಆಸ್ಟ್ರಾಜೆನೆಕಾ' ಎಂದಿತ್ತು. ವಸ್ತು ಒಂದೇ, ಹೆಸರು ಎರಡು. ಎರಡನೇ ಡೋಸಿಗೆ 84 ದಿನ ಕಾಯಬೇಕೆಂಬ ನಿಯಮದಿಂದ ವೀಸಾ ಮುಗಿಯುವ ಸ್ಥಿತಿ ಬಂದು, ಜೂನಿನಲ್ಲಿ ಪ್ರಯಾಣಿಕರಿಗೆ 28 ದಿನಕ್ಕೆ ಇಳಿಸಿದರು. ಕೋವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದ್ದು ನವೆಂಬರ್ 3ಕ್ಕೆ. ಅಷ್ಟರಲ್ಲಿ ಒಬ್ಬರು ಮೂರನೇ ಚುಚ್ಚಾಗಿ ಕೋವಿಶೀಲ್ಡ್ ಕೊಡಿಸಿ ಎಂದು ಕೇರಳ ಹೈಕೋರ್ಟಿಗೇ ಹೋದರು. ಆಗ ಸರಕಾರಗಳು ಎದ್ದವು, ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ನಂಬರು ಸೇರಿಸುವ ಏರ್ಪಾಡು ಬಂತು. ಒಂದು ಲಸಿಕೆಗೆ ಸಾಧ್ಯವಾದದ್ದು ಮಕ್ಕಳ ಎಲ್ಲ ಲಸಿಕೆಗಳಿಗೆ ಯಾಕಾಗಬಾರದು? ತಲಪಾಡಿಯ ಆಚೆ ಹಾಕಿದ್ದೂ ಈಚೆ ಹಾಕಿದ್ದೂ ಒಂದೇ ಹಾಳೆಯಲ್ಲಿ, ಮಗುವಿನ ಜನನ ಪತ್ರದ ಹೆಸರಿನಲ್ಲಿ, ಕನ್ನಡ, ಮಲಯಾಳದ ಜೊತೆ ಇಂಗ್ಲಿಷಿನಲ್ಲೂ ಬರೆದು ಕೊಡಲಿ. ತಾಳವಾಡಿಯ ಮಗು ಚಾಮರಾಜನಗರದಲ್ಲಿ ಹುಟ್ಟಿದರೂ, ಅಕ್ಕಲಕೋಟೆಯದು ಕಲಬುರಗಿಯಲ್ಲಿ ಹುಟ್ಟಿದರೂ ಇದೇ ತೊಂದರೆ. ಎರಡು ರಾಜ್ಯದ ಆರೋಗ್ಯ ಇಲಾಖೆಯವರು ಒಂದು ಮೇಜಿಗೆ ಕೂತರೆ ಮುಗಿಯುವ ಕೆಲಸ.

ಅದು ಆಗುವ ತನಕ ಎರಡೂ ಕಾರ್ಡುಗಳನ್ನು ಪಹಣಿ, ಆಧಾರ ಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಿ. 'ಬೇಬಿ ಆಫ್' ಎಂಬುದರ ಪಕ್ಕ ಮಗುವಿನ ಹೆಸರನ್ನು ಅದೇ ಆಸ್ಪತ್ರೆಯಲ್ಲಿ ಬರೆಸಿ ಸೀಲು ಹಾಕಿಸಿ. ಇಪ್ಪತ್ತು ವರ್ಷ ಕಳೆದು ಹೋದರೆ ರಿಜಿಸ್ಟರು ಇರುತ್ತದೆಂಬ ಭರವಸೆ ಇಲ್ಲ. ಕ್ಷಯದ ಮದ್ದು ಮುಗಿಸಿದವರು ಮುಗಿಸಿದ ಪತ್ರ ಕೇಳಿ ಪಡೆದುಕೊಳ್ಳಿ. ನನ್ನ ಅಳಿಯನ ಬಳಿ ಅದೂ ಇರಲಿಲ್ಲ. ಮಂಗಳೂರಿಗೆ ಮೂರು ಸಲ ಅಲೆದು ತಂದೆವು. ಗಲ್ಫಿಗೆ ಅದು ಉಪಯೋಗಕ್ಕೆ ಬಾರದು, ಆದರೆ ಪ್ರಸ್ತಾಪ ತಂದಿದ್ದ ಹುಡುಗಿಯ ತಂದೆಗೆ ಅದನ್ನೂ ಎಕ್ಸ್‌ರೇಯನ್ನೂ ತೋರಿಸಿದೆ. ಅವರು ಬಹಳ ಹೊತ್ತು ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಮೊದಲೇ ಹೇಳಿದ್ದರೆ ಆಗ್ತಿತ್ತು" ಎಂದರು. ಅವರಿಗೆ ಹೇಳಲು ನಮಗೇ ಯಾರೂ ಹೇಳಿರಲಿಲ್ಲ.

ಹುಡುಗ ಈಗ ಉಪ್ಪಳದಲ್ಲಿ ವಯರಿಂಗ್ ಕೆಲಸ ಹಿಡಿದಿದ್ದಾನೆ. ಹಬ್ಬದ ಹೊತ್ತಿಗೆ ಎರಡು ಬಳೆ ಬಿಡಿಸಿಕೊಂಡು ಬಂದ. ಸರ ಇನ್ನೂ ಬ್ಯಾಂಕಿನಲ್ಲೇ ಇದೆ.